ದೇವಾಲಯದ ಕೀಲಿಕೈ ಯಾರಿಗೆ? ಆಂಗ್ಲಿಕನ್ ಪ್ಯಾರಿಷ್‌ನಲ್ಲಿ ವಾರ್ಡನ್ ಮತ್ತು ಮಂಡಳಿ ಸದಸ್ಯರ ಆಯ್ಕೆ

ಆಂಗ್ಲಿಕನ್ ಸಂಪ್ರದಾಯದಲ್ಲಿ ಪ್ಯಾರಿಷ್ ಎಂದರೆ ಒಂದು ದೇವಾಲಯಕ್ಕೂ ಅದರ ಸಭಾಪಾಲಕರಿಗೂ ಒಪ್ಪಿಸಲಾದ, ಗಡಿ ಗುರುತಿಸಿದ ಪ್ರದೇಶ. ಆ ಗಡಿಯೊಳಗೆ ವಾಸಿಸುವವರೆಲ್ಲರೂ, ಆರಾಧನೆಗೆ ಬರಲಿ ಬಾರದಿರಲಿ, ಆ ಪ್ಯಾರಿಷ್‌ನವರೇ ಎಂಬುದು ಇಂಗ್ಲೆಂಡಿನ ಹಳೆಯ ಎಣಿಕೆ. ಉಪದೇಶ, ಸಂಸ್ಕಾರಗಳು, ಆರಾಧನೆಯ ಕ್ರಮ ಮುಖ್ಯವಾಗಿ ಸಭಾಪಾಲಕರ ಹೊಣೆಯಾದರೆ, ಕಟ್ಟಡ, ಹಣ, ಒಡವೆ ವಸ್ತು, ನೌಕರರು, ಮಕ್ಕಳ ಸುರಕ್ಷತೆ ಇವೆಲ್ಲವುಗಳ ಭಾರವನ್ನು ಗುರುದೀಕ್ಷೆ ಪಡೆಯದ ಸಾಮಾನ್ಯ ವಿಶ್ವಾಸಿಗಳು ಅವರೊಡನೆ ಹೊರುತ್ತಾರೆ. ಈ ವಿಶ್ವಾಸಿಗಳನ್ನು ಆರಿಸುವ ಬಗೆಯನ್ನು ಇಂಗ್ಲೆಂಡಿನ ಸಭೆ ಸಾಕಷ್ಟು ವಿವರವಾಗಿ ಕಾನೂನಿನಲ್ಲೇ ಬರೆದಿಟ್ಟಿದೆ. ಆ ಕಾನೂನನ್ನು ಬರಿಯ ವಿಧಿವಿಧಾನವೆಂದು ಓದಿ ಮುಗಿಸುವವರೇ ಹೆಚ್ಚು. ಗಮನವಿಟ್ಟು ಓದಿದರೆ ಎಂಥವರನ್ನು ಆರಿಸಬೇಕು, ಎಷ್ಟು ಕಾಲ ಇರಿಸಿಕೊಳ್ಳಬೇಕು, ಯಾವಾಗ ಬಿಟ್ಟುಕೊಡಬೇಕು ಎಂಬ ವಿವೇಕವೂ ಅದರಲ್ಲೇ ಇದೆ. ಇಂಗ್ಲೆಂಡಿನಲ್ಲಿ ನೆಲೆಸಿ ಅಲ್ಲಿನ ದೇವಾಲಯಕ್ಕೆ ಹೋಗುತ್ತಿರುವ ಕನ್ನಡಿಗರಿಗೂ, ಅದೇ ಪರಂಪರೆಯಿಂದ ಒಂದು ಪಾಲು ಪಡೆದಿರುವ ಕರ್ನಾಟಕದ ಸಭೆಗಳ ಸದಸ್ಯರಿಗೂ ಈ ತಿಳಿವಳಿಕೆ ಉಪಯೋಗಕ್ಕೆ ಬರುವಂಥದ್ದು.

ವ್ಯವಸ್ಥೆಯ ಬೇರು ಮಧ್ಯಯುಗದಷ್ಟು ಹಿಂದಕ್ಕೆ ಹೋಗುತ್ತದೆ. ಸಭಾಪಾಲಕರು ಆರಾಧನೆಯ ಉಡುಪು ತೊಡುವ ಕೋಣೆಗೆ ವೆಸ್ಟ್ರಿ ಎಂದು ಹೆಸರು. ಊರವರು ಪ್ಯಾರಿಷ್‌ನ ವ್ಯವಹಾರ ಮಾತನಾಡಲು ಆ ಕೋಣೆಯಲ್ಲೇ ಸೇರುತ್ತಿದ್ದುದರಿಂದ ಕೂಟಕ್ಕೂ ಅದೇ ಹೆಸರು ಅಂಟಿಕೊಂಡಿತು. 1555ರ ಹೆದ್ದಾರಿ ಕಾಯ್ದೆ ರಸ್ತೆ ದುರಸ್ತಿಯನ್ನು, 1601ರ ಬಡವರ ಕಾಯ್ದೆ ನಿರ್ಗತಿಕರ ಪೋಷಣೆಯನ್ನು ಪ್ಯಾರಿಷ್‌ನ ಹೆಗಲಿಗೇರಿಸಿದ ಮೇಲೆ ವೆಸ್ಟ್ರಿಯು ಅರ್ಧ ಸಭಾ ಸಮಿತಿ, ಅರ್ಧ ಗ್ರಾಮ ಪಂಚಾಯಿತಿ ಎನ್ನುವಂತಾಯಿತು. ಕೆಲವು ಊರುಗಳಲ್ಲಿ ತೆರಿಗೆ ಕೊಡುವವರೆಲ್ಲರೂ ಅದರಲ್ಲಿ ಕೂರುತ್ತಿದ್ದರು. ಇನ್ನು ಕೆಲವೆಡೆ ಬೆರಳೆಣಿಕೆಯ ಅನುಕೂಲಸ್ಥರು, ತಮ್ಮಲ್ಲೊಬ್ಬರು ತೀರಿಕೊಂಡರೆ ತಾವೇ ಇನ್ನೊಬ್ಬರನ್ನು ಕರೆದು ಕೂರಿಸಿಕೊಳ್ಳುವ ‘ಆಯ್ದ ವೆಸ್ಟ್ರಿ’ ನಡೆಸುತ್ತಿದ್ದರು. 1818ರ ಕಾಯ್ದೆಯಂತೂ ಆಸ್ತಿಯ ತೆರಿಗೆ ಮೌಲ್ಯಕ್ಕೆ ತಕ್ಕಂತೆ ಒಬ್ಬರಿಗೆ ಒಂದರಿಂದ ಆರರವರೆಗೆ ಮತ ಕೊಟ್ಟು, ಹಣವಂತರ ಮಾತೇ ನಡೆಯುವಂತೆ ಮಾಡಿತು. 1868ರಲ್ಲಿ ದೇವಾಲಯಕ್ಕಾಗಿ ಎತ್ತುತ್ತಿದ್ದ ತೆರಿಗೆಯ ಕಡ್ಡಾಯ ತಪ್ಪಿತು, 1894ರ ಸ್ಥಳೀಯ ಆಡಳಿತ ಕಾಯ್ದೆ ಊರಿನ ಲೌಕಿಕ ಕೆಲಸಗಳನ್ನು ಹೊಸ ಪೌರ ಮಂಡಳಿಗಳಿಗೆ ವರ್ಗಾಯಿಸಿತು, ವೆಸ್ಟ್ರಿ ಬಡವಾಯಿತು. ಅಮೆರಿಕದ ಎಪಿಸ್ಕೋಪಲ್ ಸಭೆಯಲ್ಲಿ ಮಾತ್ರ ಪ್ಯಾರಿಷ್‌ನ ಆಡಳಿತ ಮಂಡಳಿಗೆ ಇಂದಿಗೂ ವೆಸ್ಟ್ರಿ ಎಂದೇ ಹೆಸರು. ಜಾರ್ಜ್ ವಾಷಿಂಗ್ಟನ್ 1762ರಲ್ಲಿ ವರ್ಜೀನಿಯದ ಟ್ರೂರೋ ಪ್ಯಾರಿಷ್‌ನ ವೆಸ್ಟ್ರಿಗೆ ಆಯ್ಕೆಯಾಗಿದ್ದರು.

ಇಂಗ್ಲೆಂಡಿನಲ್ಲಿ ಬದಲಾವಣೆ ಬಂದದ್ದು ಮೊದಲ ಮಹಾಯುದ್ಧ ಮುಗಿದ ಮೇಲೆ. ಸಭೆಯು ತನಗೆ ಸಂಬಂಧಿಸಿದ ಶಾಸನವನ್ನು ತಾನೇ ರೂಪಿಸಿ ಸಂಸತ್ತಿನ ಒಪ್ಪಿಗೆಗೆ ಕಳುಹಿಸಬಹುದೆಂದು 1919ರಲ್ಲಿ ಕಾಯ್ದೆಯಾಯಿತು. ಇಂಥ ಶಾಸನಕ್ಕೆ ಮೆಷರ್ ಎನ್ನುತ್ತಾರೆ. 1921ರ ಮೆಷರ್ ಪ್ರತಿ ಪ್ಯಾರಿಷ್‌ನಲ್ಲಿಯೂ ಚುನಾಯಿತ ಮಂಡಳಿಗೆ, ಅಂದರೆ ಪರೋಕಿಯಲ್ ಚರ್ಚ್ ಕೌನ್ಸಿಲ್‌ಗೆ, ವೆಸ್ಟ್ರಿಯ ಬಹುಪಾಲು ಅಧಿಕಾರವನ್ನು ಕೊಟ್ಟಿತು. ಮೊದಲಕ್ಷರಗಳಿಂದ ಪಿ.ಸಿ.ಸಿ. ಎಂದೇ ಎಲ್ಲರ ಬಾಯಲ್ಲಿರುವ ಈ ಮಂಡಳಿಯ ಅಧಿಕಾರಗಳನ್ನು ಈಗ 1956ರ ಮೆಷರ್, ದೇವಾಲಯದ ವಸ್ತುಗಳನ್ನು ಕಾಯುವ ವಾರ್ಡನ್‌ಗಳ ಆಯ್ಕೆಯನ್ನು 2001ರ ಮೆಷರ್, ಮಂಡಳಿಯ ಚುನಾವಣೆಯನ್ನು 2020ರ ಜನವರಿ 1ರಿಂದ ಜಾರಿಗೆ ಬಂದ ಸಭಾ ಪ್ರಾತಿನಿಧ್ಯ ನಿಯಮಗಳು ನಿರ್ಧರಿಸುತ್ತವೆ.

ಮಂಡಳಿಯ ರಚನೆ

ಮಂಡಳಿಯಲ್ಲಿ ಮುಖ್ಯವಾಗಿ ಎರಡು ಬಗೆಯ ಸದಸ್ಯರಿರುತ್ತಾರೆ. ಸಭಾಪಾಲಕರು, ಅವರೊಡನೆ ಅಧಿಕೃತವಾಗಿ ಸೇವೆ ಸಲ್ಲಿಸುವ ಇತರ ಗುರುಗಳು, ಇಬ್ಬರು ವಾರ್ಡನ್‌ಗಳು, ಹಾಗೂ ನೆರೆಯ ಪ್ಯಾರಿಷ್‌ಗಳ ಗುಂಪಾದ ಡೀನರಿಯ ಸಿನಡ್ ಎಂಬ ಪ್ರತಿನಿಧಿ ಸಭೆಗೆ, ಅದಕ್ಕೂ ಮೇಲಿನ ಸಿನಡ್‌ಗಳಿಗೆ ಆ ಪ್ಯಾರಿಷ್‌ನಿಂದ ಹೋದ ವಿಶ್ವಾಸಿಗಳು ತಮ್ಮ ಹುದ್ದೆಯ ಬಲದಿಂದಲೇ ಸದಸ್ಯರು. ಇನ್ನೊಂದು ಬಗೆಯವರು ವಾರ್ಷಿಕ ಸಭೆಯಲ್ಲಿ ಆರಿಸಿ ಬರುವವರು. ಸಭಾ ಮತದಾರರ ಪಟ್ಟಿಯಲ್ಲಿ 50 ಹೆಸರಿಗೆ ಮೀರದಿದ್ದರೆ 6 ಜನ, 100ರವರೆಗೆ 9 ಜನ, ಆಮೇಲೆ ಪ್ರತಿ ನೂರಕ್ಕೂ ಅಥವಾ ಅದರ ಭಾಗಕ್ಕೂ ಮೂವರಂತೆ ಏರಿ 15ಕ್ಕೆ ನಿಲ್ಲುತ್ತದೆ. ಅವಧಿ 3 ವರ್ಷ. ಪ್ರತಿ ವರ್ಷ ಮೂರನೆಯ ಒಂದು ಭಾಗ ನಿವೃತ್ತಿಯಾಗುತ್ತದೆ, ಆದ್ದರಿಂದ ಅನುಭವಿಗಳೂ ಹೊಸಬರೂ ಒಟ್ಟಿಗೆ ಕೂರುತ್ತಾರೆ. ಸಭಾಪಾಲಕರು ಅಧ್ಯಕ್ಷರು, ವಿಶ್ವಾಸಿಗಳಲ್ಲೊಬ್ಬರು ಉಪಾಧ್ಯಕ್ಷರು. ಖಜಾಂಚಿ ಮತ್ತು ಕಾರ್ಯದರ್ಶಿಯನ್ನು ಮಂಡಳಿಯೇ ನೇಮಿಸಿಕೊಳ್ಳುತ್ತದೆ.

ಎಷ್ಟೋ ಅಭ್ಯರ್ಥಿಗಳಿಗೆ ಆಯ್ಕೆಯಾದ ಮೇಲೆ ಗೊತ್ತಾಗುವ ಸಂಗತಿಯೊಂದಿದೆ: ಪಿ.ಸಿ.ಸಿ. ಕಾನೂನಿನ ದೃಷ್ಟಿಯಲ್ಲಿ ದತ್ತಿ ಸಂಸ್ಥೆ, ಅದರ ಸದಸ್ಯರು ಧರ್ಮದರ್ಶಿಗಳು. ವಾರ್ಷಿಕ ಆದಾಯ 1,00,000 ಪೌಂಡ್ ಮೀರಿದ ಮಂಡಳಿಗಳು ಚಾರಿಟಿ ಕಮಿಷನ್‌ನಲ್ಲಿ ನೋಂದಾಯಿಸಿಕೊಳ್ಳಬೇಕು. ಅದಕ್ಕಿಂತ ಕಡಿಮೆ ಆದಾಯದ ಮಂಡಳಿಯವರಿಗೆ ನೋಂದಣಿಯ ವಿನಾಯಿತಿ ಇದ್ದರೂ ಧರ್ಮದರ್ಶಿಯ ಹೊಣೆಯಿಂದ ವಿನಾಯಿತಿ ಇಲ್ಲ. ಋಣಮುಕ್ತರಾಗದ ದಿವಾಳಿಗಳು, ವಂಚನೆಯ ಅಪರಾಧಕ್ಕೆ ಶಿಕ್ಷೆಗೊಳಗಾಗಿ ಕಾನೂನು ಹೇಳುವ ಅವಧಿ ಕಳೆಯದವರು, ಮಕ್ಕಳೊಡನೆ ಅಥವಾ ಅಸಹಾಯಕರೊಡನೆ ಕೆಲಸ ಮಾಡದಂತೆ ನಿರ್ಬಂಧಕ್ಕೊಳಗಾದವರು ಸದಸ್ಯರಾಗುವಂತಿಲ್ಲ. ತಿದ್ದುಪಡಿಯಾದ 2016ರ ಮೆಷರ್‌ನ ಪ್ರಕಾರ ಮಕ್ಕಳ ಹಾಗೂ ದುರ್ಬಲರ ರಕ್ಷಣೆಗಾಗಿ ಬಿಷಪರ ಮಂಡಲಿ ಹೊರಡಿಸಿದ ಸಂಹಿತೆಯ ಕಡ್ಡಾಯ ನಿಯಮಗಳನ್ನು ಪಾಲಿಸುವುದು ಪ್ರತಿ ಪಿ.ಸಿ.ಸಿ.ಯ ಕಾನೂನುಬದ್ಧ ಕರ್ತವ್ಯ. ಹೆಸರು ಸೂಚಿಸುವ ಮುನ್ನ ಇಷ್ಟನ್ನೂ ಅಭ್ಯರ್ಥಿಗೆ ಸ್ಪಷ್ಟವಾಗಿ ಹೇಳದಿರುವುದು ಅವರಿಗೂ ಸಭೆಗೂ ಮಾಡುವ ಅನ್ಯಾಯ.

ವಾರ್ಡನ್ ಎಂಬ ಹುದ್ದೆ

ಇಡೀ ವ್ಯವಸ್ಥೆಯಲ್ಲಿ ಹೆಚ್ಚಿನ ಯೋಚನೆ ಬೇಡುವ ಆಯ್ಕೆ ವಾರ್ಡನ್‌ಗಳದ್ದು. ಪಿ.ಸಿ.ಸಿ.ಗೆ ಇನ್ನೂ ನೂರು ಚಿಲ್ಲರೆ ವರ್ಷ. ವಾರ್ಡನ್ ಹುದ್ದೆಗಾದರೋ ಮಧ್ಯಯುಗದಿಂದ ಬಂದ ಇತಿಹಾಸವಿದೆ. ಊರಿನಲ್ಲಿ ಆರಾಧನೆ ತಪ್ಪಿಸಿದವರ, ಕುಡಿದು ಗಲಾಟೆ ಮಾಡಿದವರ ವರದಿಯನ್ನು ಬಿಷಪರ ನ್ಯಾಯಾಲಯಕ್ಕೆ ಒಪ್ಪಿಸುವುದೂ ಹಿಂದೆ ಅವರ ಕೆಲಸವಾಗಿತ್ತು. ಈಗಿನ ಸಭಾ ನಿಯಮದ ಪ್ರಕಾರ ವಾರ್ಡನ್‌ಗಳು ಬಿಷಪರ ಅಧಿಕಾರಿಗಳು, ವಿಶ್ವಾಸಿಗಳ ಪ್ರತಿನಿಧಿಗಳಲ್ಲಿ ಅಗ್ರಗಣ್ಯರು, ಸಭಾಪಾಲಕರ ಸಹಕಾರಿಗಳು, ದೇವಾಲಯದಲ್ಲೂ ಅದರ ಅಂಗಳದಲ್ಲೂ ಶಿಸ್ತು ಕಾಪಾಡುವವರು. ವಿಶೇಷ ದಿನಗಳ ಮೆರವಣಿಗೆಯಲ್ಲಿ ಅವರ ಕೈಯಲ್ಲಿರುವ ಉದ್ದನೆಯ ಕೋಲು ಈ ಅಧಿಕಾರದ ಗುರುತು.

ಬೆಳ್ಳಿಯ ಪಾನಪಾತ್ರೆ, ಕಾಣಿಕೆಯ ತಟ್ಟೆ, ಮೇಣದಬತ್ತಿಯ ಕಂಬ, ಬೆಂಚುಗಳು, ಪುಸ್ತಕಗಳು ಮುಂತಾದ ದೇವಾಲಯದ ಚರ ವಸ್ತುಗಳ ಕಾನೂನುಬದ್ಧ ಒಡೆತನ ಇರುವುದು ಸಭಾಪಾಲಕರಲ್ಲಲ್ಲ, ಬಿಷಪರಲ್ಲಲ್ಲ, ವಾರ್ಡನ್‌ಗಳಲ್ಲಿ. ಸಭೆಯ ಪರವಾಗಿ, ಆ ಹುದ್ದೆಯಲ್ಲಿರುವಷ್ಟು ಕಾಲ ಮಾತ್ರ. ಅವುಗಳ ಪಟ್ಟಿಯನ್ನು ಅವರು ಬರೆದಿಡಬೇಕು, ವರ್ಷಕ್ಕೊಮ್ಮೆಯಾದರೂ ಕಟ್ಟಡವನ್ನೂ ವಸ್ತುಗಳನ್ನೂ ಪರೀಕ್ಷಿಸಬೇಕು. ಈ ಕೆಲಸವನ್ನು ಹತ್ತಿರದಿಂದ ನೋಡಿದರೆ ಹುದ್ದೆಯ ಸ್ವರೂಪ ತಿಳಿಯುತ್ತದೆ: ಚಳಿ ಕಚ್ಚುವ ಶನಿವಾರವೊಂದರಲ್ಲಿ ಇಬ್ಬರು ಪಟ್ಟಿ ಹಿಡಿದು ಉಡುಪಿನ ಕೋಣೆಯ ಕಬ್ಬಿಣದ ಪೆಟ್ಟಿಗೆ ತೆರೆಯುತ್ತಾರೆ, ಒಬ್ಬರು ಪಾತ್ರೆಯನ್ನು ಬೋರಲು ಹಾಕಿ ತಳದಲ್ಲಿ ಕೆತ್ತಿದ ಮುದ್ರೆಯನ್ನು ಓದುತ್ತಾರೆ, ಇನ್ನೊಬ್ಬರು ಪಟ್ಟಿಯಲ್ಲಿ ಗುರುತು ಹಾಕುತ್ತಾರೆ, ಆಮೇಲೆ ಹೊರಬಂದು ಮಾಡಿನ ಅಂಚಿನ ದೋಣಿಯಲ್ಲಿ ಎಲೆ ಕಟ್ಟಿಕೊಂಡು ಮಳೆನೀರು ಗೋಡೆಗಿಳಿದಿದೆಯೇ ಎಂದು ನೋಡಿ, ಕಂಡದ್ದನ್ನು ದಾಖಲೆ ಪುಸ್ತಕದಲ್ಲಿ ಬರೆಯುತ್ತಾರೆ. ಹಳೆಯ ಕಲ್ಲಿನ ಕಟ್ಟಡಗಳಿಗೆ ದೊಡ್ಡ ದುರಸ್ತಿಯ ಖರ್ಚು ತಂದೊಡ್ಡುವುದು ಬಹಳ ಸಲ ಇಂಥ ತೆರವಾಗದ ಎಲೆಗಳೇ. ಹೀಗೆ ನೋಡಿ ಬರೆದಿಡುವ ತಾಳ್ಮೆಯುಳ್ಳವರು, ಸಭೆಯ ಮುಂದಿನ ಸಾಲಿನಲ್ಲಿ ಕೂತು ಒಳ್ಳೆಯ ಮಾತಾಡಬಲ್ಲವರಿಗಿಂತ ಈ ಹುದ್ದೆಗೆ ತಕ್ಕವರು.

ಹುದ್ದೆಯ ನಿಜವಾದ ಪರೀಕ್ಷೆ ನಡೆಯುವುದು ಸಭಾಪಾಲಕರು ವರ್ಗವಾಗಿಯೋ ನಿವೃತ್ತರಾಗಿಯೋ ಹೋದ ಮೇಲೆ. ಹೊಸಬರು ಬರುವವರೆಗೆ, ಕೆಲವೊಮ್ಮೆ ಹಲವು ತಿಂಗಳ ಕಾಲ, ಪ್ಯಾರಿಷ್‌ನ ಉಸ್ತುವಾರಿ ಡೀನರಿಯ ಮುಖ್ಯ ಗುರುಗಳ ಜೊತೆಗೆ ವಾರ್ಡನ್‌ಗಳ ಮೇಲೆ ಬೀಳುತ್ತದೆ. ಪ್ರತಿ ಭಾನುವಾರದ ಆರಾಧನೆಗೆ ಯಾರನ್ನಾದರೂ ಹೊಂದಿಸುವುದು, ಮದುವೆ, ಶವಸಂಸ್ಕಾರ ನಿಲ್ಲದಂತೆ ನೋಡಿಕೊಳ್ಳುವುದು, ಬೀಗ ಬಿದ್ದ ಸಭಾಪಾಲಕರ ಮನೆಯನ್ನು ಕಾಯುವುದು ಎಲ್ಲವೂ ಇದರಲ್ಲಿ ಸೇರಿದೆ. ಇದೇ ಹೊತ್ತಿಗೆ ಪಿ.ಸಿ.ಸಿ. ಪ್ಯಾರಿಷ್‌ನ ಸ್ಥಿತಿಗತಿ, ಅಗತ್ಯಗಳನ್ನು ವಿವರಿಸುವ ಪತ್ರ ಸಿದ್ಧಪಡಿಸಿ ಇಬ್ಬರು ವಿಶ್ವಾಸಿಗಳನ್ನು ಪ್ರತಿನಿಧಿಗಳಾಗಿ ನೇಮಿಸುತ್ತದೆ. 1986ರ ಮೆಷರ್‌ನಂತೆ, ಹೊಸ ಸಭಾಪಾಲಕರ ಹೆಸರನ್ನು ಸೂಚಿಸುವ ಹಕ್ಕುಳ್ಳವರು, ಅವರಿಗೆ ಪೋಷಕರು ಎನ್ನುತ್ತಾರೆ, ಈ ಇಬ್ಬರ ಒಪ್ಪಿಗೆ ಕೇಳಬೇಕು. ಅಂದರೆ ಇಂದು ಆರಿಸುವ ಸಾಮಾನ್ಯ ಸದಸ್ಯರು ನಾಳೆ ಒಂದು ಸಭೆಗೆ ಗುರುವನ್ನು ಒಪ್ಪುವ ಅಥವಾ ಒಪ್ಪದಿರುವ ಸ್ಥಾನಕ್ಕೆ ಬರಬಹುದು.

ಮತ ಯಾರದು, ಅರ್ಹತೆ ಯಾರಿಗೆ

ವಾರ್ಡನ್‌ಗಳ ಆಯ್ಕೆಗೂ ಮಂಡಳಿ ಸದಸ್ಯರ ಆಯ್ಕೆಗೂ ಬೇರೆ ಬೇರೆ ಸಭೆಗಳಿವೆ. ಎರಡೂ ಮೇ 31ರೊಳಗೆ ನಡೆಯಬೇಕು, ಸಾಮಾನ್ಯವಾಗಿ ಒಂದೇ ದಿನ ಒಂದರ ಹಿಂದೊಂದು ನಡೆಯುತ್ತವೆ. ಪ್ಯಾರಿಷ್ ನಿವಾಸಿಗಳ ಸಭೆಯೆಂಬ ಮೊದಲನೆಯದು ವಾರ್ಡನ್‌ಗಳನ್ನು ಆರಿಸುತ್ತದೆ. ಇದರಲ್ಲಿ ಸಭಾ ಮತದಾರರ ಪಟ್ಟಿಯವರ ಜೊತೆಗೆ, ಪ್ಯಾರಿಷ್ ಗಡಿಯೊಳಗೆ ವಾಸಿಸುತ್ತಾ ಸ್ಥಳೀಯ ಸಂಸ್ಥೆಗಳ ಚುನಾವಣೆಯ ಮತದಾರರ ಪಟ್ಟಿಯಲ್ಲಿ ಹೆಸರಿರುವ ಯಾರು ಬೇಕಾದರೂ ಮತ ಹಾಕಬಹುದು. ಅವರ ಧರ್ಮವನ್ನು ಯಾರೂ ಕೇಳುವಂತಿಲ್ಲ. ಊರಿಡೀ ಪ್ಯಾರಿಷ್ ಎಂದಿದ್ದ ವೆಸ್ಟ್ರಿ ಕಾಲದ ಉಳಿಕೆಯಿದು. ಬ್ರಿಟನ್ನಿನಲ್ಲಿ ಕಾನೂನುಬದ್ಧವಾಗಿ ನೆಲೆಸಿರುವ ಕಾಮನ್‌ವೆಲ್ತ್ ದೇಶಗಳ ಪೌರರು ಸ್ಥಳೀಯ ಮತದಾರರ ಪಟ್ಟಿಗೆ ಸೇರಬಹುದಾದ್ದರಿಂದ, ಭಾರತೀಯ ಪಾಸ್‌ಪೋರ್ಟ್ ಹೊಂದಿದ ಕನ್ನಡಿಗರು, ಅವರು ಯಾವ ಮತದವರೇ ಆಗಿರಲಿ, ತಮ್ಮ ಬೀದಿಯ ದೇವಾಲಯದ ವಾರ್ಡನ್ ಯಾರಾಗಬೇಕೆಂದು ಹೇಳುವ ಹಕ್ಕುಳ್ಳವರು. ಅಲ್ಲಿ ನೆಲೆಸಿದ ನಮ್ಮವರಲ್ಲಿ ಈ ಹಕ್ಕಿನ ಅರಿವು ಇರಬೇಕಾದಷ್ಟು ಇಲ್ಲ.

ಎರಡನೆಯದು ವಾರ್ಷಿಕ ಪ್ಯಾರಿಷ್ ಸಭೆ. ಇದರಲ್ಲಿ ಮಂಡಳಿಯ ಸದಸ್ಯರನ್ನು ಆರಿಸುವ ಹಕ್ಕು ಸಭಾ ಮತದಾರರ ಪಟ್ಟಿಯಲ್ಲಿರುವ ವಿಶ್ವಾಸಿಗಳಿಗೆ ಮಾತ್ರ. ಗುರುಗಳಿಗೆ ಈ ಚುನಾವಣೆಯಲ್ಲಿ ಮತವಿಲ್ಲ. ಪಟ್ಟಿಗೆ ಸೇರಲು ದೀಕ್ಷಾಸ್ನಾನವಾಗಿರಬೇಕು, 16 ವರ್ಷ ತುಂಬಿರಬೇಕು. ಇಂಗ್ಲೆಂಡಿನ ಸಭೆಯ ಅಥವಾ ಅದರೊಡನೆ ಅನ್ಯೋನ್ಯತೆಯಲ್ಲಿರುವ, ಅಂದರೆ ಪರಸ್ಪರ ಪ್ರಭುಭೋಜನವನ್ನೂ ಗುರುಗಳನ್ನೂ ಮಾನ್ಯ ಮಾಡುವ, ಸಭೆಯ ಸದಸ್ಯರಾಗಿ ಪ್ಯಾರಿಷ್‌ನಲ್ಲಿ ವಾಸವಿರಬೇಕು, ಹೊರಗೆ ವಾಸವಿದ್ದರೆ 6 ತಿಂಗಳು ಅಲ್ಲಿ ವಾಡಿಕೆಯಾಗಿ ಆರಾಧನೆಗೆ ಬಂದಿರಬೇಕು. ಕರ್ನಾಟಕದ ಓದುಗರಿಗೆ ಇಲ್ಲೊಂದು ನೇರ ಕೊಂಡಿಯಿದೆ. 1808ರಲ್ಲಿ ಅಡಿಗಲ್ಲು ಬಿದ್ದು 1816ರಲ್ಲಿ ಪ್ರತಿಷ್ಠೆಯಾದ ಬೆಂಗಳೂರಿನ ಸೇಂಟ್ ಮಾರ್ಕ್ಸ್ ದೇವಾಲಯದಂಥ ದಂಡುಪ್ರದೇಶದ ಸಭೆಗಳ ಮೂಲಕ ಇಲ್ಲಿಗೆ ಬಂದ ಆಂಗ್ಲಿಕನ್ ಪರಂಪರೆ 1930ರಲ್ಲಿ ಇಂಗ್ಲೆಂಡಿನ ಸಭೆಯ ಕಾನೂನು ಬಂಧದಿಂದ ಬಿಡಿಸಿಕೊಂಡಿತು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಮೆಥಡಿಸ್ಟ್, ಪ್ರೆಸ್‌ಬಿಟೇರಿಯನ್, ಕಾಂಗ್ರಿಗೇಷನಲ್ ಪರಂಪರೆಗಳೊಡನೆ ಕೂಡಿ ದಕ್ಷಿಣ ಭಾರತ ಸಭೆಯಾಯಿತು, ಅಂದರೆ ಸಿ.ಎಸ್.ಐ. ಈ ಸಭೆಯು ಇಂದು ಆಂಗ್ಲಿಕನ್ ಸಭೆಗಳ ಜಾಗತಿಕ ಬಳಗದ ಪೂರ್ಣ ಸದಸ್ಯ. ಆದ್ದರಿಂದ ಬೆಂಗಳೂರು, ಮೈಸೂರು, ಮಂಗಳೂರು ಅಥವಾ ಧಾರವಾಡದ ಸಿ.ಎಸ್.ಐ. ಕುಟುಂಬವೊಂದು ಇಂಗ್ಲೆಂಡಿನ ಊರೊಂದಕ್ಕೆ ಹೋಗಿ ನೆಲೆಸಿದರೆ, ಮತ್ತೊಮ್ಮೆ ದೀಕ್ಷಾಸ್ನಾನವಿಲ್ಲದೆ, 6 ತಿಂಗಳು ಕಾಯದೆ ಅಲ್ಲಿನ ಪಟ್ಟಿಗೆ ಸೇರಬಹುದು.

ಸ್ಥಾನಕ್ಕೆ ನಿಲ್ಲುವವರಿಗೆ ಇನ್ನೂ ಸ್ವಲ್ಪ ಹೆಚ್ಚಿನ ಅರ್ಹತೆ ಬೇಕು. ಮಂಡಳಿಯ ಅಭ್ಯರ್ಥಿಗೆ 16 ವರ್ಷ ತುಂಬಿರಬೇಕು; 18 ದಾಟಿದವರಾದರೆ ಅವರ ಹೆಸರು ಪಟ್ಟಿಯಲ್ಲಿ ಸೇರಿ 6 ತಿಂಗಳಾಗಿರಬೇಕು; ಹಿಂದಿನ 12 ತಿಂಗಳಲ್ಲಿ ಮೂರು ಬಾರಿಯಾದರೂ ಪ್ರಭುಭೋಜನದಲ್ಲಿ ಪಾಲುಗೊಂಡಿರಬೇಕು. ವಾರ್ಡನ್ ಆಗುವವರು ದೀಕ್ಷಾಸ್ನಾನ ಪಡೆದವರೂ ಪಟ್ಟಿಯಲ್ಲಿರುವವರೂ ಪ್ರಭುಭೋಜನದಲ್ಲಿ ಪಾಲುಗೊಳ್ಳುವವರೂ ಆಗಿದ್ದು, 21 ವರ್ಷ ತುಂಬಿದವರಾಗಿರಬೇಕು. ವರ್ಷಕ್ಕೆ ಮೂರು ಬಾರಿ ಎಂಬ ಅಳತೆ ಕಡಿಮೆಯೆಂದು ಕಾಣಬಹುದು. ಆದರೆ ಕಾನೂನು ಇಲ್ಲಿ ಕೆಳಗಿನ ಗೆರೆಯನ್ನಷ್ಟೇ ಎಳೆದಿದೆ. ಆರಾಧನೆಯ ಬದುಕಿನಲ್ಲಿ ಬೇರೂರದವರ ಕೈಗೆ ಆರಾಧನೆಯ ಮನೆಯನ್ನು ಒಪ್ಪಿಸಬಾರದೆಂಬ ಸೂಚನೆಯನ್ನು ಸಭೆಯವರು ತಾವೇ ಓದಿಕೊಳ್ಳಬೇಕು.

ಎಂಥವರನ್ನು ಕೇಳಬೇಕು

ಆದಿಸಭೆಯಲ್ಲಿ ವಿಶ್ವಾಸಿಗಳ ಆಯ್ಕೆ ನಡೆದ ಪ್ರಸಂಗ ಅಪೊಸ್ತಲರ ಕೃತ್ಯಗಳು ಪುಸ್ತಕದ ಆರನೆಯ ಅಧ್ಯಾಯದಲ್ಲಿದೆ: ದಿನನಿತ್ಯದ ಆಹಾರ ಹಂಚಿಕೆಯಲ್ಲಿ ಗ್ರೀಕ್ ಮಾತನಾಡುವ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂಬ ದೂರು ಬಂದಾಗ, ಸಭೆಯು ಆ ಕೆಲಸಕ್ಕೆ ಏಳು ಜನರನ್ನು ಆರಿಸಿತು, ಏಳು ಹೆಸರುಗಳೂ ಗ್ರೀಕ್ ಹೆಸರುಗಳಾಗಿದ್ದವು. ದೂರು ಯಾರ ಕಡೆಯಿಂದ ಬಂದಿತೋ ಅವರ ಕಡೆಯವರ ಕೈಗೇ ಹಂಚಿಕೆ ಒಪ್ಪಿಸಿದಂತಾಯಿತು. ಹೆಸರುಗಳನ್ನು ಯೋಚಿಸುವ ಯಾವುದೇ ಪ್ಯಾರಿಷ್ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ: ಈ ಸಭೆಯಲ್ಲಿ ಯಾರ ದನಿ ಮಂಡಳಿಯವರೆಗೆ ತಲುಪುತ್ತಿಲ್ಲ? ಬೆಳಗಿನ ಶಾಂತ ಆರಾಧನೆಗೆ ಬರುವ ವೃದ್ಧರೋ, ಚಿಕ್ಕ ಮಕ್ಕಳ ತಾಯಂದಿರೋ, ಹೊಸದಾಗಿ ವಲಸೆ ಬಂದವರೋ, 16 ದಾಟಿದ ಹುಡುಗ ಹುಡುಗಿಯರೋ? ಒಂದೇ ಮನೆತನದವರು, ಒಂದೇ ಗೆಳೆಯರ ಬಳಗದವರು ತುಂಬಿದ ಮಂಡಳಿಯಲ್ಲಿ ಜಗಳ ಕಡಿಮೆ ಇರಬಹುದು. ಆದರೆ ಅಲ್ಲಿ ತಪ್ಪು ನಡೆದರೆ ಎತ್ತಿ ಹೇಳುವವರೂ ಇರುವುದಿಲ್ಲ.

ಹಣದ ವಿಷಯದಲ್ಲಿ ಪ್ಯಾರಿಷ್‌ಗಳು ಮಾಡುವ ಸಾಮಾನ್ಯ ತಪ್ಪು ಎಂದರೆ ಲೆಕ್ಕಪರಿಶೋಧಕರೊಬ್ಬರನ್ನು ಖಜಾಂಚಿ ಮಾಡಿ, ಉಳಿದವರೆಲ್ಲ ನಿಶ್ಚಿಂತರಾಗಿ ಕೂರುವುದು. ಲೆಕ್ಕ ಬರೆಯಲು ಒಬ್ಬರು ಸಾಕು, ಲೆಕ್ಕ ಕೇಳಲು ಇಡೀ ಮಂಡಳಿ ಬೇಕು. ಆರಾಧನೆ ಮುಗಿದ ಮೇಲೆ ಕಾಣಿಕೆಯ ತಟ್ಟೆ ವೆಸ್ಟ್ರಿ ಕೋಣೆಯ ಮೇಜಿಗೆ ಬಂದಾಗ, ಇಬ್ಬರು ಕೂತು ನೋಟು ಬೇರೆ, ನಾಣ್ಯ ಬೇರೆ ಎಣಿಸಿ, ಲಕೋಟೆಗಳ ಸಂಖ್ಯೆ ಬರೆದು, ಇಬ್ಬರೂ ಸಹಿ ಮಾಡಿ ಬ್ಯಾಂಕಿನ ಚೀಲಕ್ಕೆ ಹಾಕುವುದು ಒಳ್ಳೆಯ ರೂಢಿ. ಒಬ್ಬಂಟಿಯಾಗಿ ಎಣಿಸಲು ಒಲ್ಲದ, ‘ಇನ್ನೊಬ್ಬರು ಬರಲಿ, ಆಮೇಲೆ ಎಣಿಸೋಣ’ ಎನ್ನುವ ವ್ಯಕ್ತಿಯನ್ನು ಕೆಲವರು ಅತಿ ಶಂಕೆಯವರೆಂದು ಬಗೆಯುತ್ತಾರೆ. ವಾಸ್ತವವಾಗಿ ಅಂಥವರೇ ಧರ್ಮದರ್ಶಿಯ ಸ್ಥಾನಕ್ಕೆ ಹೇಳಿ ಮಾಡಿಸಿದವರು, ಏಕೆಂದರೆ ಆ ಎಚ್ಚರಿಕೆ ಅವರನ್ನೂ ಕಾಯುತ್ತದೆ, ಸಭೆಯನ್ನೂ ಕಾಯುತ್ತದೆ. ಬಜೆಟ್ ಅರ್ಥವಾಗದಿದ್ದಾಗ ನಾಚದೆ ‘ಇದು ತಿಳಿಯಲಿಲ್ಲ, ಇನ್ನೊಮ್ಮೆ ಹೇಳಿ’ ಎನ್ನುವ ನಿವೃತ್ತ ಶಾಲಾ ಶಿಕ್ಷಕಿಯ ಬೆಲೆಯೂ ಹಾಗೆಯೇ.

ಸಭಾಪಾಲಕರೊಡನೆ ಒಡನಾಡುವ ಬಗೆ ಮತ್ತೊಂದು ಅಳತೆಗೋಲು. 1956ರ ಮೆಷರ್ ಮಂಡಳಿಯ ಮೊದಲ ಕೆಲಸವಾಗಿ ಹೇಳುವುದು ಕಟ್ಟಡವನ್ನಲ್ಲ. ಪಾಲನೆ, ಸುವಾರ್ತೆ, ಸಮಾಜಸೇವೆ, ಇತರ ಸಭೆಗಳೊಡನೆ ಐಕ್ಯ ಇವೆಲ್ಲವನ್ನೂ ಒಳಗೊಂಡ ಸಭೆಯ ಸಮಗ್ರ ಸೇವೆಯಲ್ಲಿ ಸಭಾಪಾಲಕರೊಡನೆ ಸಹಕರಿಸುವುದನ್ನು. ಸಹಕಾರವೆಂದರೆ ತಲೆಯಾಡಿಸುವುದಲ್ಲ. ಎದುರು ಕೂತು ‘ಇದು ಸರಿಯಲ್ಲ’ ಎಂದು ಗೌರವದಿಂದ ಹೇಳಿ, ಬಹುಮತದ ತೀರ್ಮಾನವಾದ ಮೇಲೆ ಹೊರಗೆ ಹೋಗಿ ಅದನ್ನೇ ಎತ್ತಿ ಆಡದಿರುವವರು ಬೇಕು. ಬೀದಿಯಲ್ಲಿ ಸಭಾಪಾಲಕರನ್ನು ಟೀಕಿಸುತ್ತ, ಮಂಡಳಿಯಲ್ಲಿ ಮೌನವಾಗಿರುವವರು ಸಭೆಗೆ ಮಾಡುವ ಹಾನಿ ಬಹಿರಂಗ ವಿರೋಧಿಗಳು ಮಾಡುವ ಹಾನಿಗಿಂತ ಹೆಚ್ಚು. ಕಾನೂನು ಈ ಸಂಬಂಧದ ಸೂಕ್ಷ್ಮವನ್ನು ಬಲ್ಲದು: ನಾಮಪತ್ರ ಸಲ್ಲಿಸಿದ ಒಬ್ಬರು ವಾರ್ಡನ್ ಆದರೆ ಕೆಲಸದಲ್ಲಿ ಗಂಭೀರ ತೊಡಕುಂಟಾದೀತೆಂದು ಸಭಾಪಾಲಕರಿಗೆ ತೋರಿದರೆ, ಚುನಾವಣೆಗೆ ಮುಂಚೆ ಒಬ್ಬ ವಾರ್ಡನ್‌ನನ್ನು ಮಾತ್ರ ಸಭೆ ಆರಿಸಲಿ ಎಂದು ಅವರು ಘೋಷಿಸಿ, ಇನ್ನೊಬ್ಬರನ್ನು ನಾಮಪತ್ರ ಸಲ್ಲಿಸಿದವರಲ್ಲಿಯೇ ತಾವು ನೇಮಿಸಬಹುದು. ಹಿಂದೆ ಸಭಾಪಾಲಕರ ವಾರ್ಡನ್, ಜನರ ವಾರ್ಡನ್ ಎಂದು ಕರೆಯುತ್ತಿದ್ದ ಪದ್ಧತಿಯ ನೆರಳಿದು. ಕಡೆಯ ದಾರಿಯಾಗಿ ಇಟ್ಟುಕೊಳ್ಳಬೇಕಾದ ಈ ಹಕ್ಕನ್ನು ಸಣ್ಣ ಮನಸ್ತಾಪಕ್ಕೆ ಬಳಸಿದರೆ ಆ ಗಾಯ ವರ್ಷಗಟ್ಟಲೆ ಮಾಯುವುದಿಲ್ಲ.

ಕೇಳುವ ರೀತಿಯೂ ಮುಖ್ಯ. ಇಂಗ್ಲೆಂಡಿನ ಎಷ್ಟೋ ಸಣ್ಣ ಪ್ಯಾರಿಷ್‌ಗಳಲ್ಲಿ ವಾರ್ಡನ್ ಸ್ಥಾನಕ್ಕೆ ಜನ ಸಿಗುವುದೇ ಕಷ್ಟ. ವಾರ್ಷಿಕ ಸಭೆಯ ದಿನ ಖಾಲಿ ನಾಮಪತ್ರ ನೋಡಿ ಯಾರೋ ಒಬ್ಬರನ್ನು ಬಲವಂತದಿಂದ ಒಪ್ಪಿಸುವುದು, ‘ಏನೂ ಹೆಚ್ಚು ಕೆಲಸವಿಲ್ಲ’ ಎಂದು ಪುಸಲಾಯಿಸುವುದು ನಡೆದೇ ಇದೆ. ಹಾಗೆ ಬಂದವರು ಒಂದೇ ವರ್ಷದಲ್ಲಿ ದಣಿದು ಹೋಗುತ್ತಾರೆ. ಇದಕ್ಕೆ ಬದಲಾಗಿ ಹಿಂದಿನ ಶರತ್ಕಾಲದಲ್ಲೇ ಸಭಾಪಾಲಕರೂ ಇರುವ ವಾರ್ಡನ್‌ಗಳೂ ಕೂತು ವಾರಕ್ಕೆ ಎಷ್ಟು ಗಂಟೆ, ತಿಂಗಳಿಗೆ ಎಷ್ಟು ಸಭೆ, ಯಾವ ತರಬೇತಿ ಎಂಬುದನ್ನು ಒಂದು ಹಾಳೆಯಲ್ಲಿ ಪ್ರಾಮಾಣಿಕವಾಗಿ ಬರೆದು, ಯೋಗ್ಯರೆಂದು ಕಂಡವರ ಮನೆಗೆ ಹೋಗಿ ಕೊಟ್ಟು, ‘ಪ್ರಾರ್ಥಿಸಿ, ಮನೆಯವರೊಡನೆ ಮಾತಾಡಿ, ತಿಂಗಳ ಮೇಲೆ ಹೇಳಿ’ ಎಂದು ಬರುವುದು ಒಳಿತು. ಬೇಡವೆಂದವರ ಮಾತನ್ನು ಗೌರವಿಸುವುದೂ ಈ ಕ್ರಮದ ಭಾಗವೇ.

ಅವಧಿಯ ಪ್ರಶ್ನೆ ಇದಕ್ಕೆ ಹೊಂದಿಕೊಂಡಿದೆ. ವಾರ್ಡನ್‌ಗಳನ್ನು ಪ್ರತಿ ವರ್ಷ ಹೊಸದಾಗಿ ಆರಿಸಬೇಕು. ಸತತ 6 ಅವಧಿ ಸೇವೆ ಮಾಡಿದವರು ಸ್ವಲ್ಪ ಕಾಲ ಹೊರಗಿರಬೇಕೆಂದು 2001ರ ಮೆಷರ್ ಹೇಳುತ್ತದೆ, ಆದರೆ ಪ್ಯಾರಿಷ್ ನಿವಾಸಿಗಳ ಸಭೆ ಠರಾವಿನಿಂದ ಈ ಮಿತಿಯನ್ನು ತೆಗೆದುಹಾಕಬಹುದು. ಬೇರೆ ಯಾರೂ ಇಲ್ಲವೆಂಬ ಕಾರಣಕ್ಕೆ ಹಲವು ಸಭೆಗಳು ಹಾಗೆ ಮಾಡುತ್ತವೆ. ಇದು ಆದಷ್ಟೂ ತಪ್ಪಿಸಬೇಕಾದ ಠರಾವು. ಹದಿನೈದು ವರ್ಷ ಒಬ್ಬರೇ ಕೀಲಿಕೈ ಹಿಡಿದಿದ್ದರೆ, ಎಷ್ಟೇ ನಿಷ್ಠಾವಂತರಾಗಿದ್ದರೂ, ನೀರಿನ ಮುಖ್ಯ ಕೊಳಾಯಿ ಎಲ್ಲಿದೆ ಎಂಬುದರಿಂದ ಹಿಡಿದು ವಿಮೆಯ ಕಾಗದದವರೆಗೆ ಎಲ್ಲವೂ ಅವರ ತಲೆಯಲ್ಲೇ ಉಳಿದು, ಅವರು ಕಾಯಿಲೆ ಬಿದ್ದ ದಿನ ಸಭೆಯ ಕೈಕಾಲು ಆಡದಂತಾಗುತ್ತದೆ. ಹೊಸಬರೂ ಹತ್ತಿರ ಸುಳಿಯುವುದಿಲ್ಲ.

ಸಭೆಯ ದಿನದ ವಿಧಾನ ಸರಳ. ದಿನಾಂಕಕ್ಕೆ ಹಿಂದಿನ ಎರಡು ಭಾನುವಾರಗಳೂ ಸೇರುವಂತೆ ದೇವಾಲಯದ ಬಾಗಿಲ ಬಳಿ ಪ್ರಕಟಣೆ ಹಚ್ಚಿರಬೇಕು. ವಾರ್ಡನ್ ಅಭ್ಯರ್ಥಿಗಳ ನಾಮಪತ್ರ ಲಿಖಿತವಾಗಿದ್ದು, ಸೂಚಕರ ಮತ್ತು ಅನುಮೋದಕರ ಸಹಿ ಹಾಗೂ ತಾವು ಅನರ್ಹರಲ್ಲವೆಂಬ ಅಭ್ಯರ್ಥಿಯ ಹೇಳಿಕೆಯೊಡನೆ ಸಭೆ ಆರಂಭವಾಗುವ ಮುಂಚೆ ತಲುಪಬೇಕು. ಮಂಡಳಿ ಸ್ಥಾನಗಳಿಗೆ ಸಭೆಯಲ್ಲಿಯೂ ಹೆಸರು ಸೂಚಿಸಬಹುದು. ಸ್ಥಾನಕ್ಕಿಂತ ಹೆಸರು ಹೆಚ್ಚಿದ್ದರೆ ಮತದಾನ, ಸಮಾನ ಮತ ಬಂದರೆ ಚೀಟಿ ಎತ್ತುವುದು. ಆಯ್ಕೆಯಾದ ವಾರ್ಡನ್‌ಗಳು ಬಿಷಪರ ಅಥವಾ ಅವರ ಪರವಾಗಿ ಆರ್ಚ್‌ಡೀಕನ್‌ರ ಮುಂದೆ ಜುಲೈ 31ರೊಳಗೆ ಪ್ರತಿಜ್ಞೆ ಸ್ವೀಕರಿಸಿದ ಮೇಲೆಯೇ ಅಧಿಕಾರಕ್ಕೆ ಬರುತ್ತಾರೆ.

ಕರ್ನಾಟಕದ ಸಿ.ಎಸ್.ಐ. ಸಭೆಗಳಲ್ಲಿ ಸಭಾಪಾಲಕರ ಅಧ್ಯಕ್ಷತೆಯ ಪಾಸ್ಟರೇಟ್ ಸಮಿತಿ ಇದೇ ಬಗೆಯ ಕೆಲಸ ಮಾಡುತ್ತದೆ. ಅದಕ್ಕೆ ಅದರದೇ ಸಂವಿಧಾನ, ಆಯಾ ಡಯಾಸಿಸ್‌ನ, ಅಂದರೆ ಬಿಷಪರ ಪ್ರಾಂತ್ಯದ, ನಿಯಮಗಳಿವೆ, ಇಂಗ್ಲೆಂಡಿನ ಕಾನೂನು ಇಲ್ಲಿ ನಡೆಯುವುದಿಲ್ಲ. ಅಲ್ಲಿ ನಿಲ್ಲುವವರ ಕೊರತೆಯಾದರೆ ಇಲ್ಲಿನ ಎಷ್ಟೋ ನಗರ ಸಭೆಗಳಲ್ಲಿ ಪೈಪೋಟಿಯೇ ಹೆಚ್ಚು. ದಕ್ಷಿಣ ಭಾರತ ಸಭೆಯ ಚುನಾವಣಾ ತಕರಾರುಗಳು ನ್ಯಾಯಾಲಯದ ಮೆಟ್ಟಿಲೇರಿದ್ದೂ ಉಂಟು. ಎರಡಕ್ಕೂ ಮೂಲದಲ್ಲಿ ಒಂದೇ ಕೊರತೆಯಿದೆ. ಸ್ಥಾನದ ಕೆಲಸವೇನೆಂದು ಸಭೆಗೆ ಬಿಡಿಸಿ ಹೇಳದಿದ್ದಾಗ ಅಲ್ಲಿ ಅದು ಹೊರೆಯಾಗಿ ಕಾಣುತ್ತದೆ, ಇಲ್ಲಿ ಮರ್ಯಾದೆಯಾಗಿ ಕಾಣುತ್ತದೆ. ಕೆಲಸದ ವಿವರ, ಅವಧಿಯ ಮಿತಿ, ಬಿಟ್ಟುಹೋಗುವವರ ಲೆಕ್ಕ ಮತ್ತು ವಸ್ತುಗಳ ಪಟ್ಟಿಯ ಹಸ್ತಾಂತರ ಈ ಮೂರನ್ನು ಚುನಾವಣೆಯ ನೋಟಿಸಿನ ಜೊತೆಗೇ ಪ್ರಕಟಿಸುವುದಕ್ಕೆ ಯಾವ ಸಂವಿಧಾನದ ತಿದ್ದುಪಡಿಯೂ ಬೇಕಾಗಿಲ್ಲ. ಇಲ್ಲಿನ ಸಭೆಗಳು ಇದನ್ನು ಮುಂದಿನ ಚುನಾವಣೆಯಿಂದಲೇ ಆರಂಭಿಸಬೇಕು.

ಇಂಗ್ಲೆಂಡಿನಲ್ಲಿರುವ ಓದುಗರು ಗಮನಿಸಬೇಕಾದ ದಿನಾಂಕ ಬೇರೆಯಿದೆ. ಪಟ್ಟಿಯಲ್ಲಿ 6 ತಿಂಗಳು ಕಳೆದಿರಬೇಕೆಂಬ ನಿಯಮವಿರುವುದರಿಂದ, ಮೇ ತಿಂಗಳ ವಾರ್ಷಿಕ ಸಭೆಯಲ್ಲಿ ಪಿ.ಸಿ.ಸಿ. ಸ್ಥಾನಕ್ಕೆ ನಿಲ್ಲಬಯಸುವವರ ಹೆಸರು ಹಿಂದಿನ ನವೆಂಬರ್‌ನಲ್ಲೇ ಪಟ್ಟಿಗೆ ಸೇರಿರಬೇಕು. ಸಭೆ ಏಪ್ರಿಲ್‌ನಲ್ಲಾದರೆ ಅಕ್ಟೋಬರ್‌ನಲ್ಲೇ. ಅರ್ಜಿಯ ನಮೂನೆ ಪ್ಯಾರಿಷ್‌ನ ಮತದಾರರ ಪಟ್ಟಿಯ ಅಧಿಕಾರಿಯ ಬಳಿ ಸಿಗುತ್ತದೆ, ಅದಕ್ಕೆ ಶುಲ್ಕವಿಲ್ಲ.